ಬಾಗಿಲು ಕಾಯುವವರು

2019ರ ಸೆಪ್ಟೆಂಬರ್ ಕೊನೆಯ ವಾರದ ಒಂದು ಸಂಜೆ. ಮುಳಬಾಗಿಲಿನ ಬಸ್ ನಿಲ್ದಾಣದಲ್ಲಿ ಶ್ರೀನಿವಾಸಪುರದ ಬಸ್ಸಿಗಾಗಿ ಕಾಯುತ್ತಾ ನಿಂತಿದ್ದೆ. ಕೈಯಲ್ಲಿ ಹುಡುಗರ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟು. ಜೇಬಿನಲ್ಲಿದ್ದ ಫೋನು ಗುರ್ ಅಂದಿತು. ‘ಅಣ್ಣಾ, 2–0! ಉರಾವಾ ಔಟ್!’ ಎಂದು ಬರೆದಿತ್ತು. ಹಿಂದೆಯೇ ನಾಲ್ಕೈದು ಚಪ್ಪಾಳೆಯ ಚಿತ್ರಗಳು. ಕಳಿಸಿದವನು ಜಪಾನಿನಲ್ಲಿದ್ದ ನಮ್ಮ ಚಿಕ್ಕಪ್ಪನ ಮಗ. ಉರಾವಾ ಅಂದರೆ ಊರೋ, ಮನುಷ್ಯನೋ, ಭೂಕಂಪವೋ ನನಗೆ ಗೊತ್ತಿರಲಿಲ್ಲ. ‘ಊಟ ಆಯ್ತಾ?’ ಎಂದು ಉತ್ತರ ಬರೆದು ಬಸ್ಸು ಹತ್ತಿದೆ.

ಆಮೇಲೆ ತಿಳಿಯಿತು. ಉರಾವಾ ರೆಡ್ಸ್ ಎನ್ನುವುದು ಜಪಾನಿನ ದೊಡ್ಡ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಒಂದು. ಆ ವರ್ಷ ಏಷ್ಯಾದ ಚಾಂಪಿಯನ್ಸ್ ಲೀಗಿನ ಫೈನಲ್‌ವರೆಗೆ ಹೋದ ತಂಡ. ಅದನ್ನು ಎಂಪರರ್ಸ್ ಕಪ್ ಪಂದ್ಯಾವಳಿಯಲ್ಲಿ ಸೋಲಿಸಿದ್ದು ನಾಲ್ಕನೇ ದರ್ಜೆಯ ಲೀಗಿನಲ್ಲಿ ಆಡುವ ಒಂದು ಕಾರ್ಖಾನೆ ತಂಡ. ಬೆಳಗ್ಗೆ ಕಾರ್ಖಾನೆಯಲ್ಲಿ ಕೆಲಸ ಮಾಡಿ, ಮಧ್ಯಾಹ್ನದ ಮೇಲೆ ಮೈದಾನಕ್ಕೆ ಇಳಿಯುವವರ ತಂಡ. ಅದರ ಹೆಸರು ಹೋಂಡಾ ಎಫ್‌ಸಿ.

ಇವನನ್ನು ಮನೆಯಲ್ಲಿ ನಾವೆಲ್ಲ ಚಿನ್ನಾ ಎಂದೇ ಕರೆಯುವುದು. ಕೋಲಾರ ಸೀಮೆಯ ಬಹಳ ಮನೆಗಳ ಹಾಗೆ ನಮ್ಮ ಮನೆಯ ಒಳಮಾತು ತೆಲುಗು, ಹೊರಮಾತು ಕನ್ನಡ. ತೆಲುಗಿನಲ್ಲಿ ಚಿನ್ನಾ ಅಂದರೆ ಚಿಕ್ಕವನು. ಕನ್ನಡದಲ್ಲಿ ಅದು ಬಂಗಾರ. ಇವನು ಬೆಳೆದದ್ದೂ ಬಂಗಾರದ ಊರಿನಲ್ಲೇ. ಚಿಕ್ಕಮ್ಮನ ತವರು ಕೆಜಿಎಫ್. ಅವರಪ್ಪ ಚಾಂಪಿಯನ್ ರೀಫ್ ಕಡೆಯ ಗಣಿಯಲ್ಲಿ ಭೂಮಿಯ ಒಳಗೆ ಕೆಲಸ ಮಾಡಿದವರು. ಶ್ರೀನಿವಾಸಪುರದ ನಮ್ಮ ಹಳ್ಳಿಯಿಂದ ಒಳ್ಳೆ ಸ್ಕೂಲು ದೂರ ಎಂದು ಹುಡುಗನನ್ನು ಎಸ್ಸೆಸ್ಸೆಲ್ಸಿವರೆಗೆ ಅಲ್ಲೇ ಬಿಟ್ಟಿದ್ದರು. ನಮ್ಮ ಕಡೆ ಹುಡುಗರು ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ಅನ್ನುತ್ತಾ ಬೆಳೆದರೆ ಇವನ ತಲೆ ತುಂಬಾ ಫುಟ್‌ಬಾಲ್. ಬೇಸಿಗೆ ರಜೆಗೆ ಬಂದಾಗ ಮಾವಿನ ತೋಪಿನಲ್ಲಿ ಉದುರಿದ ಕಾಯಿಗಳನ್ನು ಒದೆಯುತ್ತಾ ಮರಗಳ ನಡುವೆ ಓಡುತ್ತಿದ್ದ. ಚಿಕ್ಕಪ್ಪ ದೊಣ್ಣೆ ಹಿಡಿದು ಹಿಂದೆ ಓಡುತ್ತಿದ್ದರು.

ಆ ಹುಚ್ಚು ಹತ್ತಿಸಿದ್ದು ತಾತ. ಜಾನ್ ಟೇಲರ್ ಕಂಪನಿ 1880ರಲ್ಲಿ ಗಣಿಗಾರಿಕೆಗೆ ಬಂದಾಗ ಅದರ ಹಿಂದೆಯೇ ಇಂಗ್ಲಿಷರ ಬಂಗಲೆ, ಕ್ಲಬ್ಬು, ಆಟ ಎಲ್ಲವೂ ಬಂದವು. ಸಾಹೇಬರ ಆಟಗಳಲ್ಲಿ ಕೂಲಿ ಲೈನಿನ ಹುಡುಗರಿಗೆ ಸುಲಭವಾಗಿ ಸಿಕ್ಕಿದ್ದು ಫುಟ್‌ಬಾಲ್. ಅದಕ್ಕೆ ಬೇಕಾದದ್ದು ಒಂದು ಚೆಂಡು, ನಾಲ್ಕು ಕಲ್ಲು. ತಾತ ಹೇಳುತ್ತಿದ್ದ ಕಥೆಗಳಲ್ಲಿ ಉರಿಗಾಂ ಕಡೆಯವರು, ಮಾರಿಕುಪ್ಪಂ ಕಡೆಯವರು, ಚಾಂಪಿಯನ್ ರೀಫ್ ಕಡೆಯವರು ಭಾನುವಾರ ಬಂತೆಂದರೆ ಯುದ್ಧಕ್ಕೆ ನಿಂತವರಂತೆ ಮೈದಾನಕ್ಕೆ ಇಳಿಯುತ್ತಿದ್ದರು. ಚೆನ್ನಾಗಿ ಆಡುವವನಿಗೆ ಶಿಫ್ಟು ಹೊಂದಿಸಿಕೊಡುವ ಮೇಸ್ತ್ರಿಗಳು ಇದ್ದರಂತೆ. ಗೋಲು ಹೊಡೆದವನಿಗೆ ಮರುದಿನ ಲಿಫ್ಟಿನ ಪಂಜರದೊಳಗೆ ಇಳಿಯುವಾಗ ಎಲ್ಲರೂ ಜಾಗ ಬಿಡುತ್ತಿದ್ದರಂತೆ. ‘ಭೂಮಿ ಒಳಗೆ ಮೂರು ಕಿಲೋಮೀಟರ್ ಇಳಿಯೋ ಮನುಷ್ಯನಿಗೆ ಭೂಮಿ ಮೇಲೆ ಓಡೋದು ಎಷ್ಟು ಆಸೆ ಇರುತ್ತೆ ನೀನೇ ಯೋಚನೆ ಮಾಡು ನಾಯ್ನಾ’ ಎಂದು ಒಮ್ಮೆ ನನಗೇ ಹೇಳಿದ್ದರು. ಆ ಮಾತು ಇವತ್ತಿಗೂ ಮರೆತಿಲ್ಲ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಚಿನ್ನಾಗೆ ಆಗ ಐದು ವರ್ಷ. ಗಂಡಸರೆಲ್ಲ ಬೆಳಗಿನ ಜಾವದ ರೈಲು ಹಿಡಿದು ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಕೂಲಿಗೆ ಹೋಗಿ ರಾತ್ರಿ ಬರುವ ಹೊಸ ಕಾಲ ಶುರುವಾಯಿತು. ಮೈದಾನ ಇತ್ತು, ಆಟಗಾರರು ರೈಲಿನಲ್ಲಿದ್ದರು. ತಾತ ಮಾತ್ರ ಭಾನುವಾರ ಸಂಜೆ ಮೊಮ್ಮಗನ ಕೈ ಹಿಡಿದು ಅಲ್ಲಿಗೆ ಹೋಗುತ್ತಿದ್ದರು. ಸೈನೈಡ್ ದಿಬ್ಬಗಳ ಕಡೆಯಿಂದ ಗಾಳಿ ಬೀಸಿದರೆ ಬಿಳಿ ಧೂಳು ಏಳುತ್ತಿತ್ತು. ತಾತ ಮೂಗಿಗೆ ಟವೆಲ್ ಅಡ್ಡ ಹಿಡಿದು ‘ಬಲಗಾಲು ಬೇಡ, ಎಡಗಾಲು, ಎಡಗಾಲು’ ಎಂದು ಕೂಗುತ್ತಿದ್ದರಂತೆ. ಅವರು ಆಗಾಗ ಹೇಳುತ್ತಿದ್ದ ಇನ್ನೊಂದು ಮಾತಿದೆ: ‘ಕಂಪನಿ ಟೀಮು ಕಂಪನಿ ಇರೋವರೆಗೆ.’ ಈ ಮಾತು ಮುಂದೆ ಬೇಕಾಗುತ್ತದೆ.

ಚಿನ್ನಾ ಕೋಲಾರದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ. ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ವಾಹನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಗೆ ಟ್ರೇನಿಯಾಗಿ ಸೇರಿದ. ಎರಡು ವರ್ಷ ಮೂರು ಪಾಳಿಯಲ್ಲೂ ದುಡಿದ. ಒಂದು ದಿನ ಗೇಟಿನಲ್ಲಿ ಅವನ ಕಾರ್ಡು ಕೆಲಸ ಮಾಡಲಿಲ್ಲ. ಅವಧಿ ಮುಗಿದಿತ್ತು. ಇವನ ಜೊತೆಗೆ ಇನ್ನೂ ಹದಿನೈದು ಹುಡುಗರು. ಅದೇ ಗೇಟಿನ ಇನ್ನೊಂದು ಪಕ್ಕದಲ್ಲಿ ಹೊಸ ಟ್ರೇನಿಗಳು ಸಾಲಾಗಿ ನಿಂತಿದ್ದರಂತೆ. ಮನೆಗೆ ಬಂದು ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ‘ಜಪಾನಿಗೆ ತರಬೇತಿಗೆ ಕಳಿಸ್ತಾರಂತೆ ಅಣ್ಣ, ಭಾಷೆ ಕಲೀಬೇಕು’ ಅಂದ. ಬೆಂಗಳೂರಿನಲ್ಲಿ ಕೋಣೆ ಮಾಡಿಕೊಂಡು ಕೆಲವು ತಿಂಗಳು ಜಪಾನಿ ಕಲಿತ. ಚಿಕ್ಕಪ್ಪ ಆ ವರ್ಷದ ತೋತಾಪುರಿ ಫಸಲನ್ನು ಹೂವಿನಲ್ಲಿ ಇದ್ದಾಗಲೇ ವ್ಯಾಪಾರಿಗೆ ಕೊಟ್ಟು ದುಡ್ಡು ಹೊಂದಿಸಿದರು. 2019ರ ಆರಂಭದಲ್ಲಿ ಹೊರಟ. ಅವನಿಗೆ ಸಿಕ್ಕ ಊರು ಹಮಾಮಾತ್ಸು.

ಹಮಾಮಾತ್ಸು ಶಿಜುಓಕಾ ಪ್ರಾಂತ್ಯದ ಕೈಗಾರಿಕಾ ನಗರ. ಸುಜುಕಿಯ ಮುಖ್ಯ ಕಚೇರಿ ಅಲ್ಲಿದೆ, ಯಮಾಹಾದ ಪಿಯಾನೋಗಳ ಊರೂ ಅದೇ. ಸೊಯಿಚಿರೊ ಹೋಂಡಾ 1946ರಲ್ಲಿ ಸಣ್ಣದೊಂದು ಕಾರ್ಯಾಗಾರ ಇಟ್ಟುಕೊಂಡು, ಯುದ್ಧ ಮುಗಿದು ಮಿಕ್ಕಿದ್ದ ಪುಟ್ಟ ಎಂಜಿನ್ನುಗಳನ್ನು ಸೈಕಲ್ಲಿಗೆ ಕಟ್ಟಿ ಮಾರಲು ಶುರು ಮಾಡಿದ್ದು ಅಲ್ಲಿಯೇ. ಆ ಸೈಕಲ್ಲು ಉರುಳುತ್ತಾ ಉರುಳುತ್ತಾ 2013ರ ಹೊತ್ತಿಗೆ ನಮ್ಮ ನರಸಾಪುರಕ್ಕೂ ಬಂತು. ಕೋಲಾರದಿಂದ ಬೆಂಗಳೂರಿಗೆ ಹೋಗುವವರಿಗೆ ಹೆದ್ದಾರಿ ಬದಿಯ ಆ ಸ್ಕೂಟರ್ ಕಾರ್ಖಾನೆ ಗೊತ್ತು. ಚಿನ್ನಾ ಕೆಲಸಕ್ಕಿದ್ದದ್ದು ಬೇರೆ ಯಾವುದೋ ಸಣ್ಣ ಕಂಪನಿಯಲ್ಲಿ. ಆದರೆ ಅಲ್ಲಿಗೆ ಹೋದ ಎರಡನೇ ತಿಂಗಳು, ಮಿಯಾಕೋದಾ ಎಂಬಲ್ಲಿ ಹೋಂಡಾದ ಫುಟ್‌ಬಾಲ್ ಮೈದಾನ ಇದೆ ಎಂದು ಗೊತ್ತಾಗಿ ಸೈಕಲ್ ತುಳಿದುಕೊಂಡು ಹೋದ. ಅಲ್ಲಿಂದ ವಿಡಿಯೊ ಕರೆ ಮಾಡಿದ. ಕೆಂಪು ಅಂಗಿಯ ಆಟಗಾರರು, ಹಸಿರು ಹುಲ್ಲು, ಕೆಲವೇ ನೂರು ಜನ. ಮುದುಕರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ‘ನೋಡಣ್ಣ, ತಾತ ಹೇಳ್ತಿದ್ದ ಹಂಗೇ ಇದೆ’ ಅಂದ.

ಜಪಾನಿನ ಫುಟ್‌ಬಾಲಿನ ಕಥೆಯೇ ಕಾರ್ಖಾನೆಗಳ ಕಥೆ. 1965ರಲ್ಲಿ ಶುರುವಾದ ಅವರ ಮೊದಲ ರಾಷ್ಟ್ರೀಯ ಲೀಗಿನಲ್ಲಿ ಎಂಟು ತಂಡಗಳಿದ್ದವು, ಎಂಟೂ ಕಂಪನಿ ತಂಡಗಳು. ಹಿಟಾಚಿ, ಮಿತ್ಸುಬಿಷಿ, ಯಾನ್ಮಾರ್ ಡೀಸೆಲ್ ಹೀಗೆ. 1993ರಲ್ಲಿ ವೃತ್ತಿಪರ ಜೆ–ಲೀಗ್ ಬಂದಾಗ ಒಂದು ನಿಯಮ ಮಾಡಿದರು. ತಂಡದ ಹೆಸರಿನಲ್ಲಿ ಕಂಪನಿ ಇರಬಾರದು, ಊರು ಇರಬೇಕು. ಮಿತ್ಸುಬಿಷಿಯ ತಂಡ ಉರಾವಾ ರೆಡ್ಸ್ ಆಯಿತು. ನಿಸ್ಸಾನಿನದು ಯೊಕೊಹಾಮಾ ಮರಿನೊಸ್ ಆಯಿತು, ಹಮಾಮಾತ್ಸು ಪಕ್ಕದ ಯಮಾಹಾ ತಂಡ ಜುಬಿಲೊ ಇವಾತಾ ಆಯಿತು. ಆಮೇಲೆ ಕೆಳಗೆ ಜೆ2, ಜೆ3 ಎಂದು ಮೆಟ್ಟಿಲುಗಳು ಸೇರಿದವು. 1971ರಲ್ಲಿ ಹುಟ್ಟಿದ ಹೋಂಡಾ ತಂಡ ಮಾತ್ರ ಕೊನೆಗೂ ಆ ಮೆಟ್ಟಿಲು ಹತ್ತಲಿಲ್ಲ. ಜೆ3ಗೂ ಕೆಳಗಿನ ಜಪಾನ್ ಫುಟ್‌ಬಾಲ್ ಲೀಗಿನಲ್ಲಿ, ಅಂದರೆ ಜೆಎಫ್‌ಎಲ್‌ನಲ್ಲಿ, ಕಂಪನಿ ತಂಡವಾಗಿಯೇ ಉಳಿದುಕೊಂಡಿತು. 2016ರಿಂದ 2019ರವರೆಗೆ ಸತತ ನಾಲ್ಕು ವರ್ಷ ಆ ಲೀಗನ್ನು ಗೆದ್ದಿತು. ನಾಲ್ಕು ವರ್ಷವೂ ಅಲ್ಲೇ ಇತ್ತು. ಮೇಲೆ ಹೋಗಲು ಬೇಕಾದ ಲೈಸೆನ್ಸಿಗೆ ಅದು ಅರ್ಜಿಯನ್ನೇ ಹಾಕುವುದಿಲ್ಲ.

ಮೇಲೆ ಹೋಗಬೇಕೆನ್ನುವ ಊರ ಕ್ಲಬ್ಬುಗಳು ಜೆಎಫ್‌ಎಲ್‌ಗೆ ಬಂದಾಗ ಅವುಗಳಿಗೆ ಮೊದಲು ಎದುರಾಗುವುದು ಈ ತಂಡ. ಅದಕ್ಕೇ ಅಲ್ಲಿಯ ಜನ ಇದಕ್ಕೆ ಇಟ್ಟ ಅಡ್ಡಹೆಸರು ‘ಮೊಂಬಾನ್’. ಬಾಗಿಲು ಕಾಯುವವನು ಎಂದು ಅರ್ಥ. ಈ ಮಾತು ಕೇಳಿದಾಗ ನಾನಿದ್ದದ್ದು ಮುಳಬಾಗಿಲಿನಲ್ಲಿ. ಮೂಡಲ ಬಾಗಿಲು, ಮುಳಬಾಗಿಲು. ಪೂರ್ವದಿಂದ ಈ ನಾಡಿಗೆ ಬರುವವರು ದಾಟಬೇಕಾದ ಬಾಗಿಲು. ನಾನು ಇಲ್ಲಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಮಕ್ಕಳಿಗೆ ಕನ್ನಡ ಪಾಠ ಮಾಡುತ್ತೇನೆ. ನನ್ನ ಬೆಂಚುಗಳಿಂದ ಎದ್ದು ಹೋದವರಲ್ಲಿ ಕಾಯಂ ಮೇಷ್ಟ್ರಾದವರಿದ್ದಾರೆ, ಪಿಎಸ್‌ಐ ಆದವರಿದ್ದಾರೆ, ತಹಶೀಲ್ದಾರರ ಕಚೇರಿಯಲ್ಲಿ ಕೂತು ನನಗೇ ಆದಾಯ ಪ್ರಮಾಣಪತ್ರ ಬರೆದುಕೊಟ್ಟವಳಿದ್ದಾಳೆ. ಪ್ರತಿ ವರ್ಷ ಹೊಸ ಪಟ್ಟಿ ಬರುತ್ತದೆ, ಅದರಲ್ಲಿ ಹೆಸರು ಇದ್ದರೆ ಆ ವರ್ಷದ ಮಟ್ಟಿಗೆ ಮೇಷ್ಟ್ರು. ಬೇಸಿಗೆಯಲ್ಲಿ ಚಿಕ್ಕಪ್ಪನ ತೋಪಿನಲ್ಲಿ ಲೆಕ್ಕ ಬರೆಯುವವನು. ಹೀಗಾಗಿ ಬಾಗಿಲು ಕಾಯುವ ತಂಡದ ಕಥೆ ನನಗೆ ಬಹಳ ಹಿಡಿಸಿತು. ತರಗತಿಯಲ್ಲೂ ಹೇಳಿದೆ. ಡಿವಿಜಿ ಹುಟ್ಟಿದ ಊರಿನಲ್ಲಿ, ಮಂಕುತಿಮ್ಮನನ್ನು ಬದಿಗಿಟ್ಟು ಜಪಾನಿನ ಫುಟ್‌ಬಾಲಿನ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ಇದ್ದಲ್ಲೇ ಇದ್ದು ಚೆನ್ನಾಗಿ ಆಡುವುದೂ ಒಂದು ದೊಡ್ಡತನ ಎಂದೆ. ಹುಡುಗರು ಸುಮ್ಮನೆ ಕೇಳಿದರು. ಹಿಂದಿನ ಬೆಂಚಿನ ಒಬ್ಬಳು ಮಾತ್ರ, ‘ಸಾರ್, ಅವರಿಗೆ ಸಂಬಳ ಬರುತ್ತಾ?’ ಎಂದು ಕೇಳಿದಳು. ‘ಬರುತ್ತಮ್ಮ, ಕಂಪನಿ ಕೊಡುತ್ತೆ’ ಅಂದೆ. ಅವಳು ಏನೋ ಬರೆದುಕೊಂಡಳು.

2020 ಬಂತು. ಕೊರೊನಾದಿಂದ ಜೆಎಫ್‌ಎಲ್ ಪಂದ್ಯಗಳು ಅರ್ಧಕ್ಕೆ ಇಳಿದವು. ಹೋಂಡಾದ ಸಾಲು ಮುರಿಯಿತು, ವೆರ್ಸ್ಪಾ ಓಯಿತಾ ಎಂಬ ತಂಡ ಗೆದ್ದಿತು. ಚಿನ್ನಾನ ಕಂಪನಿಯಲ್ಲಿ ಕೆಲಸ ಕಡಿಮೆಯಾಗಿ, ನಾಲ್ಕು ಜನರ ಕೋಣೆಯಲ್ಲಿ ಕೂತಿರುತ್ತಿದ್ದ. ಇಲ್ಲಿ ನನ್ನ ತರಗತಿಗಳು ಫೋನಿನೊಳಗೆ ಹೋದವು. ಕೋಲಾರದ ಮಂಡಿಯಲ್ಲಿ ಟೊಮ್ಯಾಟೊ ಕೇಳುವವರಿಲ್ಲದೆ ರೈತರು ರಸ್ತೆಗೆ ಸುರಿದರು. 2021ರಲ್ಲಿ ತಾತ ಹೋದರು. ವಿಮಾನಗಳು ಸರಿಯಾಗಿ ಇರಲಿಲ್ಲ, ಹೊರಟರೆ ವಾಪಸ್ಸು ಒಳಗೆ ಬಿಡುತ್ತಾರೆಂಬ ಖಾತ್ರಿಯೂ ಇರಲಿಲ್ಲ. ಕೆಜಿಎಫ್‌ನ ಆ ಚಿಕ್ಕ ಲೈನ್ ಮನೆಯ ಮುಂದೆ ನಾನು ಫೋನು ಎತ್ತಿ ಹಿಡಿದು ನಿಂತೆ. ಅವನು ಅಲ್ಲಿಂದ ನೋಡಿದ. ಮಾಸ್ಕು ಹಾಕಿದ ಏಳೆಂಟು ಜನ. ಯಾರೋ ಮುದುಕರೊಬ್ಬರು ಬಂದು ತಾತನ ಕಾಲ ಬಳಿ ನಿಂತು, ಅವರ ಎಡಗಾಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹೋದರು. ಯಾರೆಂದು ನಮಗೆ ತಿಳಿಯಲಿಲ್ಲ. ‘ಅಣ್ಣ, ಅವರು ಟೀಮಿನವರು’ ಎಂದು ಫೋನಿನೊಳಗಿಂದ ಚಿನ್ನಾ ಹೇಳಿದ.

ಮೂರು ವರ್ಷದ ತರಬೇತಿ 2022ರ ಆರಂಭಕ್ಕೆ ಮುಗಿಯುವುದಿತ್ತು. ಮುಗಿದ ಮೇಲೆ ಬರುತ್ತಾನೆ ಎಂದು ಚಿಕ್ಕಪ್ಪ ಲೆಕ್ಕ ಹಾಕಿ ಕೂತಿದ್ದರು. ಅವರ ಮಂಡಿ ಆಗಲೇ ಸೋತಿತ್ತು. ಕೋಲಾರದ ಡಾಕ್ಟರು ಮರ ಹತ್ತಬೇಡಿ ಎಂದಿದ್ದರು. ತೋಪನ್ನು ಗುತ್ತಿಗೆಗೆ ಕೊಡು, ಇಲ್ಲದಿದ್ದರೆ ಮಾರು ಎಂದು ಹೇಳುವವರು ಮನೆ ಬಾಗಿಲಿಗೇ ಬರುತ್ತಿದ್ದರು. ‘ಹುಡುಗ ಬರಲಿ, ಅವನನ್ನ ಕೇಳಿ ಹೇಳ್ತೀನಿ’ ಎಂದು ಎಲ್ಲರನ್ನೂ ಸಾಗಹಾಕುತ್ತಿದ್ದರು. ಆಗ ಚಿನ್ನಾ ಫೋನು ಮಾಡಿದ. ಅಲ್ಲಿ ಇನ್ನೊಂದು ನಮೂನೆಯ ವೀಸಾ ಇದೆಯಂತೆ, ಐದು ವರ್ಷದವರೆಗೆ ಇರಬಹುದು, ಸಂಬಳವೂ ಜಾಸ್ತಿ. ಆದರೆ ಮನೆಯವರನ್ನು ಕರೆಸಿಕೊಳ್ಳುವ ಹಾಗಿಲ್ಲ.

‘ಅಣ್ಣ, ನಾನು ಇಲ್ಲೇ ಇರ್ತೀನಿ. ಅಪ್ಪಂಗೆ ನೀನೇ ಹೇಳು’ ಅಂದ.

ನನಗೆ ಸಿಟ್ಟು ಬಂತು. ಮೇಷ್ಟ್ರ ಸಿಟ್ಟು ನೇರವಾಗಿ ಬರುವುದಿಲ್ಲ, ದೃಷ್ಟಾಂತದ ರೂಪದಲ್ಲಿ ಬರುತ್ತದೆ. ಅವನದೇ ತಂಡವನ್ನು ಅವನ ಮೇಲೆ ಎತ್ತಿದೆ. ‘ನೋಡೋ, ನಿಮ್ಮ ಹೋಂಡಾ ಟೀಮು ಏನು ಮಾಡ್ತು? ನಾಲ್ಕು ಸಲ ಗೆದ್ದರೂ ಮೇಲೆ ಹೋಗಲಿಲ್ಲ. ತನ್ನ ಜಾಗ ಬಿಡಲಿಲ್ಲ. ಅದರಿಂದ ಏನೂ ಕಲೀಲಿಲ್ವಾ ನೀನು? ಇಲ್ಲೂ ಕಾರ್ಖಾನೆ ಇದೆ, ನರಸಾಪುರ ಇದೆ, ವೇಮಗಲ್ ಇದೆ. ತೋಪಿದೆ. ಇದ್ದಲ್ಲೇ ಇರೋದೂ ಒಂದು ಮರ್ಯಾದೆ ಅಲ್ವೇನೋ?’

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದ: ‘ಅಣ್ಣ, ಅವರು ಅಲ್ಲಿ ಕಾಯಂ ನೌಕರರು. ನಾಳೆ ಕಾಲು ಮುರಿದರೂ ನಾಡಿದ್ದು ಕೆಲಸ ಇರುತ್ತೆ. ಅದಕ್ಕೇ ಮೇಲಿನ ಲೀಗು ಬೇಡ ಅನ್ನೋಕೆ ಆಗುತ್ತೆ. ನಂಗೂ ನಿಂಗೂ ಅದಿಲ್ಲ. ನಾವು ಬೇಡ ಅಂದವರಲ್ಲ ಅಣ್ಣ. ನಮ್ಮನ್ನ ಯಾರೂ ಕರೀಲಿಲ್ಲ ಅಷ್ಟೆ.’

ಅವನಿಗೆ ನೋಯಿಸುವ ಉದ್ದೇಶ ಇರಲಿಲ್ಲ. ಆದರೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಹತ್ತು ವರ್ಷದಿಂದ ನಾನು ತರಗತಿಯಲ್ಲಿ ಹೇಳುತ್ತಾ ಬಂದ ಎಷ್ಟು ಮಾತುಗಳು ಹೀಗೇ ಇರಬಹುದು ಎಂದು ಯೋಚಿಸಿದೆ. ಮಾಲೂರು ತಾಲ್ಲೂಕಿನ ಮಾಸ್ತಿಯವರ ಬಗ್ಗೆ ಪ್ರತಿ ವರ್ಷ ಪಾಠ ಮಾಡುತ್ತೇನೆ. ಮೈಸೂರು ಸರ್ಕಾರದ ದೊಡ್ಡ ಅಧಿಕಾರಿಯಾಗಿದ್ದವರು, ತಮಗಿಂತ ಕಿರಿಯರಿಗೆ ಮೇಲಿನ ಹುದ್ದೆ ಹೋದಾಗ 1943ರಲ್ಲಿ ರಾಜೀನಾಮೆ ಕೊಟ್ಟು ಎದ್ದು ಬಂದರು ಎಂದು ಹೆಮ್ಮೆಯಿಂದ ಹೇಳುತ್ತೇನೆ. ಬೇಡ ಎಂದು ಎದ್ದು ಬರಬೇಕಾದರೆ ಮೊದಲು ಕೂತಿರಲು ಒಂದು ಕುರ್ಚಿ ಬೇಕು ಎಂಬುದನ್ನು ಯಾವತ್ತೂ ಸೇರಿಸಿ ಹೇಳಿರಲಿಲ್ಲ. ಹೋಂಡಾ ತಂಡ ಬಾಗಿಲಲ್ಲಿ ನಿಂತಿರುವುದು ಅದರ ಇಷ್ಟ. ನಾನು ಬಾಗಿಲಲ್ಲಿ ನಿಂತಿರುವುದು ಒಳಗಿನಿಂದ ಯಾರೂ ಚಿಲಕ ತೆಗೆಯದೆ ಇದ್ದದ್ದಕ್ಕೆ. ದೂರದಿಂದ ನೋಡುವವರಿಗೆ ಇಬ್ಬರೂ ಒಂದೇ ರೀತಿ ಕಾಣಬಹುದು. ಹಿಂದಿನ ಬೆಂಚಿನ ಆ ಹುಡುಗಿ ಸಂಬಳದ ಬಗ್ಗೆ ಕೇಳಿದಾಗ ಇದನ್ನೇ ಕೇಳಿದ್ದಳೋ ಏನೋ.

ತಾತನ ಮಾತೂ ನೆನಪಾಯಿತು. ಕಂಪನಿ ಟೀಮು ಕಂಪನಿ ಇರೋವರೆಗೆ. ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್ ತಂಡಗಳು ಎಷ್ಟು ಹುಡುಗರಿಗೆ ಚೆಂಡಿನ ಜೊತೆ ಅನ್ನವನ್ನೂ ಕೊಟ್ಟವು! ಎಚ್‌ಎಎಲ್ ತಂಡ ಐ–ಲೀಗಿನವರೆಗೆ ಹೋಗಿ, 2012ರಲ್ಲಿ ಕೆಳಗೆ ಇಳಿಯಿತು. ಮರುವರ್ಷ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಸೀಸನ್ನಿನಲ್ಲೇ ಅದೇ ಲೀಗನ್ನು ಗೆದ್ದಿತು. ಕಾಲ ಬದಲಾಯಿತು, ಆಟ ಚೆನ್ನಾಯಿತು. ಆದರೆ ಫುಟ್‌ಬಾಲ್ ಆಡಿದರೆ ಸರ್ಕಾರಿ ಕಾರ್ಖಾನೆಯಲ್ಲಿ ಒಂದು ನೌಕರಿ ಸಿಗುತ್ತದೆ ಎಂದು ಅಪ್ಪಂದಿರು ಮಕ್ಕಳನ್ನು ಮೈದಾನಕ್ಕೆ ಕಳಿಸುತ್ತಿದ್ದ ಕಾಲ ಹೋಯಿತು. ಜಪಾನಿನಲ್ಲೂ ಹೀಗಾಗಿದೆ. ಯೊಕೊಹಾಮಾ ಫ್ಲೂಗೆಲ್ಸ್ ಎಂಬ ತಂಡಕ್ಕೆ ದುಡ್ಡು ಹಾಕುತ್ತಿದ್ದ ಕಂಪನಿ 1998ರಲ್ಲಿ ಹಿಂದೆ ಸರಿದಾಗ ಅದನ್ನು ಪಕ್ಕದ ಮರಿನೊಸ್ ತಂಡದಲ್ಲಿ ಸೇರಿಸಿ ಮುಗಿಸಿಬಿಟ್ಟರು. ಮುಗಿಯುವ ಮುನ್ನ ಆಡಿದ ಕೊನೆಯ ಪಂದ್ಯ 1999ರ ಜನವರಿ 1ರ ಎಂಪರರ್ಸ್ ಕಪ್ ಫೈನಲ್. ಅದನ್ನು ಅವರು ಗೆದ್ದರು. ಕಪ್ಪು ಎತ್ತಿದ ಮರುದಿನ ತಂಡವೇ ಇರಲಿಲ್ಲ. ಆದರೆ ಆ ತಂಡದ ಅಭಿಮಾನಿಗಳು ಮನೆಗೆ ಹೋಗಿ ಅಳುತ್ತಾ ಕೂರಲಿಲ್ಲ. ಸೇರಿ ಯೊಕೊಹಾಮಾ ಎಫ್‌ಸಿ ಎಂಬ ಹೊಸ ಕ್ಲಬ್ಬು ಕಟ್ಟಿ, ಕೆಳಗಿನ ಜೆಎಫ್‌ಎಲ್‌ನಿಂದಲೇ ಶುರು ಮಾಡಿ 2001ಕ್ಕೆ ಜೆ2 ಸೇರಿದರು. ಇದನ್ನು ನನಗೆ ಹೇಳಿದವನೂ ಚಿನ್ನಾನೇ. ‘ನಮ್ಮ ಗಣಿ ಮುಚ್ಚಿದಾಗ ಹಿಂಗೆ ಮಾಡೋಕೆ ಯಾರಿಗೂ ಹೊಳೀಲಿಲ್ಲ ಅಣ್ಣ’ ಎಂದಿದ್ದ. ಹೊಳೆದಿದ್ದರೂ, ಬೆಳಗಿನ ಜಾವ ರೈಲು ಹಿಡಿಯುವವನಿಗೆ ಕ್ಲಬ್ಬು ಕಟ್ಟಲು ಹೊತ್ತೆಲ್ಲಿತ್ತು ಎಂದು ನಾನು ಅಂದುಕೊಂಡಿದ್ದೆ.

ಅದೇ ಹೊತ್ತಿಗೆ ಇವಾಕಿ ಎಂಬ ತಂಡದ ಮೇಲೆ ಅವನಿಗೆ ಮೋಹ ಹುಟ್ಟಿತ್ತು. ಫುಕುಶಿಮಾ ಪ್ರಾಂತ್ಯದ ಊರಿನ ಕ್ಲಬ್ಬು ಅದು. ಅತ್ಯಂತ ಕೆಳಗಿನ ಪ್ರಾಂತೀಯ ಲೀಗಿನಿಂದ ಹೊರಟು, 2021ರಲ್ಲಿ ಹೋಂಡಾ ಕಾಯುತ್ತಿದ್ದ ಬಾಗಿಲನ್ನು ದಾಟಿ ಜೆಎಫ್‌ಎಲ್ ಗೆದ್ದಿತು. 2022ರಲ್ಲಿ ಜೆ3 ಗೆದ್ದಿತು. ‘ಹತ್ತೋರು ಹತ್ತಲಿ, ಕಾಯೋರು ಕಾಯಲಿ. ಎರಡೂ ಬೇಕಲ್ವಾ ಅಣ್ಣ’ ಎನ್ನುತ್ತಿದ್ದ. ಭಾನುವಾರಗಳಲ್ಲಿ ಮಾತ್ರ ಹೋಂಡಾದ ಮೈದಾನಕ್ಕೇ ಹೋಗುತ್ತಿದ್ದ.

ಚಿಕ್ಕಪ್ಪನಿಗೆ ಹೇಳುವುದನ್ನು ನಾನು ಮೂರು ವಾರ ಮುಂದೂಡಿದೆ. ಹೂವು ಬಿಟ್ಟಿತು, ಪಿಂದೆ ಕಟ್ಟಿತು. ಕೊನೆಗೆ ಒಂದು ಬೆಳಗ್ಗೆ ತೋಪಿಗೆ ಹೋದೆ. ಅವರು ಬಾದಾಮಿ ಮರದ ಕೆಳಗೆ ಹಗ್ಗದ ಮಂಚದ ಮೇಲೆ ಕಾಲು ನೀಡಿ ಕೂತು, ಕಾಯಿ ಕೀಳುವ ಬಲೆಗೆ ಹೊಲಿಗೆ ಹಾಕುತ್ತಿದ್ದರು. ಕಾಫಿ ಕುಡಿದೆವು. ಕರೆಂಟಿನ ವಿಷಯ, ಬೋರ್‌ವೆಲ್ ವಿಷಯ, ಈ ವರ್ಷ ತೋತಾಪುರಿಗೆ ಚಿತ್ತೂರಿನ ರಸದ ಫ್ಯಾಕ್ಟರಿಯವರು ಏನು ರೇಟು ಕೊಡಬಹುದು ಎಂಬ ವಿಷಯ ಎಲ್ಲ ಮುಗಿಯಿತು. ಆಮೇಲೆ ಹೇಳಿದೆ.

ಅವರು ಸೂಜಿಯನ್ನು ಬಲೆಗೆ ಚುಚ್ಚಿ ಹಾಗೇ ಬಿಟ್ಟರು. ಬಹಳ ಹೊತ್ತು ಮರದ ಕಡೆ ನೋಡಿದರು. ‘ಎಷ್ಟು ವರ್ಷ ಅಂದೆ?’ ‘ಐದು.’ ‘ಐದು’ ಎಂದು ತಾವೂ ಒಮ್ಮೆ ಹೇಳಿಕೊಂಡರು. ನಾನು ಬೈಗುಳ ನಿರೀಕ್ಷಿಸಿದ್ದೆ. ಅವನನ್ನು ಬೈದರೆ ಏನು ಹೇಳಬೇಕು, ನನ್ನನ್ನು ಬೈದರೆ ಏನು ಹೇಳಬೇಕು ಎಂದು ಎರಡಕ್ಕೂ ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದೆ. ಅವರು ಕೇಳಿದ್ದು ಬೇರೆ.

‘ಆ ಟೀಮು, ಅದೇನು, ನಮ್ಮ ಸ್ಕೂಟರ್ ಕಂಪನೀದು. ಗೆಲ್ತಾ ಇದೆಯಾ ಈಗ?’

ಎರಡು ವರ್ಷದಿಂದ ಗೆದ್ದಿಲ್ಲ ಎಂದೆ.

‘ಪಾಪ. ಅವನಿಗೆ ಅದೂ ಇಲ್ವಾ ಅಲ್ಲಿ’ ಅಂದರು. ಬಲೆಯನ್ನು ಮತ್ತೆ ಕೈಗೆ ತೆಗೆದುಕೊಂಡರು. ಹೊಲಿಗೆ ಮುಗಿಸಿದ ಮೇಲೆ, ‘ತೋಪು ಮಾರೋದು ಬೇಡ. ಗುತ್ತಿಗೆಗೆ ಕೊಡ್ತೀನಿ, ಐದು ವರ್ಷಕ್ಕೆ ಬರಿ’ ಎಂದು ನನಗೆ ಲೆಕ್ಕದ ಪುಸ್ತಕ ಚಾಚಿದರು. ಬರೆದೆ. ಬರೆಯುವಾಗ ನನ್ನ ಕೈ ನಡುಗಿತು, ಅವರದು ನಡುಗಲಿಲ್ಲ.

2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಹಿಂದೆ ಗೆದ್ದದ್ದು 1968–69ರಲ್ಲಿ, ಮೈಸೂರು ಎಂಬ ಹೆಸರಿದ್ದಾಗ. 54 ವರ್ಷ! ತಾತ ಇದ್ದಿದ್ದರೆ ಎರಡನ್ನೂ ಕಂಡವರಾಗುತ್ತಿದ್ದರು ಎಂದು ಚಿನ್ನಾನೇ ಫೋನು ಮಾಡಿ ಹೇಳಿದ. ಅದೇ ವರ್ಷದ ಕೊನೆಗೆ ಇನ್ನೊಂದು ಸುದ್ದಿ ಬಂತು. ಹೋಂಡಾ ಮತ್ತೆ ಜೆಎಫ್‌ಎಲ್ ಗೆದ್ದಿತ್ತು. ಆ ವರ್ಷದಿಂದ ಹೊಸ ನಿಯಮ ಬಂದಿತ್ತು. ಜೆ3ಯಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದ ತಂಡ ಕೆಳಗೆ ಇಳಿಯಬಹುದು, ಜೆಎಫ್‌ಎಲ್ ಗೆದ್ದ ತಂಡ ಮೇಲೆ ಹತ್ತಬಹುದು. ಆ ಸಲ ಜೆ3ಯ ಕೊನೆಯಲ್ಲಿದ್ದದ್ದು ಕಿಟಾಕ್ಯುಶು ನಗರದ ತಂಡ. ಹೋಂಡಾಗೆ ಲೈಸೆನ್ಸು ಇಲ್ಲದ್ದರಿಂದ ಅದು ಹತ್ತಲಿಲ್ಲ. ಹತ್ತುವವರು ಇಲ್ಲದ್ದರಿಂದ ಕಿಟಾಕ್ಯುಶು ಇಳಿಯಲಿಲ್ಲ. ಒಬ್ಬರು ಬಾಗಿಲಲ್ಲೇ ನಿಂತದ್ದಕ್ಕೆ ಒಳಗಿದ್ದ ಇನ್ನೊಬ್ಬರ ಜಾಗ ಉಳಿಯಿತು.

ಇದನ್ನು ನಾನು ಈ ಸಲ ತರಗತಿಯಲ್ಲಿ ಹೇಳಲಿಲ್ಲ. ಚಿಕ್ಕಪ್ಪನಿಗೆ ಹೇಳಿದೆ. ಅವರು ಗಮನವಿಟ್ಟು ಕೇಳಿ, ‘ಕಿಟಾಕ್ಯುಶುನವರು ಇವರಿಗೆ ಒಂದು ಬುಟ್ಟಿ ಹಣ್ಣು ಕಳಿಸಿದರಾ?’ ಎಂದರು.

ಗುತ್ತಿಗೆ 2027ಕ್ಕೆ ಮುಗಿಯುತ್ತದೆ, ಚಿನ್ನಾನ ವೀಸಾವೂ ಅದೇ ವರ್ಷ. ಬರುತ್ತಾನೋ ಇಲ್ಲವೋ ನಾವು ಈಗ ಕೇಳುವುದಿಲ್ಲ. ಚಿಕ್ಕಪ್ಪ ಫೋನು ನೋಡುವುದನ್ನು ಕಲಿತಿದ್ದಾರೆ. ಕೆಲವು ಭಾನುವಾರ ಬೆಳಗ್ಗೆ, ಇಲ್ಲಿ ಹತ್ತು ಗಂಟೆಯ ಹೊತ್ತಿಗೆ ಮಿಯಾಕೋದಾದಲ್ಲಿ ಆಟ ನಡೆಯುತ್ತಿರುತ್ತದೆ. ಚಿನ್ನಾ ಅಲ್ಲಿಂದ ಕರೆ ಮಾಡಿ ಫೋನನ್ನು ಮೈದಾನದ ಕಡೆ ತಿರುಗಿಸಿ ಹಿಡಿಯುತ್ತಾನೆ. ಚಿಕ್ಕಪ್ಪನಿಗೆ ಆಟ ಅರ್ಥವಾಗುವುದಿಲ್ಲ. ಕೆಂಪು ಅಂಗಿಯವರು ನಮ್ಮವರು ಎಂಬುದು ಗೊತ್ತು. ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ, ಕೆಜಿಎಫ್‌ನ ತಮ್ಮ ಮಾವನಿಂದ ಎಂದೋ ಕೇಳಿದ ಒಂದೇ ಒಂದು ಸಲಹೆಯನ್ನು ಕೂಗುತ್ತಾರೆ:

‘ಎಡಗಾಲು, ಎಡಗಾಲು!’